ಹದಿಮೂರು ಹೆಂಗಸರ ಎದೆಬಡಿತ

ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನಾನು ಹೊನ್ನಾಳಿಯ ಒಂದು ಸಣ್ಣ ಖಾಸಗಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೆ. ಆಸ್ಪತ್ರೆ ಎಂದರೆ ಆರು ಮಂಚ, ಒಂದು ಹೆರಿಗೆ ಕೋಣೆ, ಒಬ್ಬರೇ ಡಾಕ್ಟರು. ಅವರಿಗೆ ಅರವತ್ತು ದಾಟಿತ್ತು. ಬಾಯಿ ಬಹಳ ಒರಟು. ಔಷಧಿ ತಪ್ಪಿಸಿದ ರೋಗಿಯನ್ನು ಇಡೀ ಬೀದಿಗೆ ಕೇಳುವಂತೆ ಬೈಯುತ್ತಿದ್ದರು. ಆದರೂ ಜನ ಅವರನ್ನೇ ಹುಡುಕಿಕೊಂಡು ಬರುತ್ತಿದ್ದರು.

ಒಂದು ದಿನ ದೂರದ ಊರಿನ ಟ್ರಸ್ಟೊಂದರ ಜನ ನಮ್ಮ ಡಾಕ್ಟರನ್ನು ಕಾಣಲು ಬಂದರು. ಅವರ ವ್ಯಾನಿನಲ್ಲಿ ಹೊಸ ಇಸಿಜಿ ಯಂತ್ರವಿತ್ತು. ಕೈಕಾಲಿಗೆ, ಎದೆಗೆ ತಂತಿ ಕಟ್ಟಿ ಗುಂಡಿ ಒತ್ತಿದರೆ ಸಾಕು, ಅದು ಹೃದಯದ ಗೆರೆ ಬರೆಯುವುದಷ್ಟೇ ಅಲ್ಲ, ಆ ಗೆರೆಯನ್ನು ತಾನೇ ಓದಿ, ಏನು ಕಾಯಿಲೆ ಎಂದು ಇಂಗ್ಲಿಷಿನಲ್ಲಿ ಅಚ್ಚು ಹಾಕಿ ಕೊಡುತ್ತಿತ್ತು. ನ್ಯಾಮತಿ, ಹೊನ್ನಾಳಿ, ಚನ್ನಗಿರಿ, ಜಗಳೂರು, ನಾಲ್ಕು ಕಡೆ ಉಚಿತ ಶಿಬಿರ. ಹೆಂಗಸರು ಗಂಡಸರ ಎದುರು ರವಿಕೆ ಸಡಿಲಿಸುವುದಿಲ್ಲವಾದ್ದರಿಂದ ತಂತಿ ಕಟ್ಟಲು ಒಬ್ಬ ನರ್ಸ್ ಬೇಕಾಗಿತ್ತು.

"ಹೋಗಿ ಬಾ. ಅದು ಏನ್ ಮಾಡ್ತೈತೆ ಅಂತ ನೋಡ್ಕೊಂಡು ಬಂದು ನಂಗೂ ಹೇಳು," ಎಂದರು ಡಾಕ್ಟರು.

ಯಂತ್ರ ನಡೆಸುವವನು ಮೂವತ್ತರ ಆಸುಪಾಸಿನ, ಮೀಸೆ ಬಿಟ್ಟ, ಮೆತ್ತಗೆ ಮಾತಾಡುವ ಮನುಷ್ಯ. ಅರ್ಧ ಗಂಟೆಯಲ್ಲಿ ನನಗೆ ಕೆಲಸ ಕಲಿಸಿಬಿಟ್ಟ. ಕೆಂಪು ತಂತಿ ಬಲಗೈಗೆ, ಹಳದಿ ಎಡಗೈಗೆ, ಕಪ್ಪು ಬಲಗಾಲಿಗೆ, ಹಸಿರು ಎಡಗಾಲಿಗೆ. ಎದೆಗೆ ಆರು ರಬ್ಬರ್ ಬಟ್ಟಲು. "ಬಣ್ಣ ನೋಡ್ಕೊಂಡು ಕಟ್ಟಿದ್ರೆ ಆಯ್ತು ಸಿಸ್ಟರ್, ಉಳಿದಿದ್ದು ಅದೇ ನೋಡ್ಕೊಳ್ತದೆ," ಎಂದ.

ನ್ಯಾಮತಿಯಲ್ಲಿ ಮೊದಲ ದಿನ ನನಗೆ ಬಹಳ ಹೆಮ್ಮೆಯೆನಿಸಿತ್ತು. ಜನ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬರುತ್ತಿದ್ದರು. ಒಬ್ಬ ಮುದುಕಿ ಮಲಗಿದಲ್ಲಿಂದಲೇ ಯಂತ್ರದ ಕಡೆ ಕೈ ಮುಗಿದು, "ಏನಂತೈತವ್ವಾ ಅದು, ನಾನು ಬದುಕ್ತೀನಂತೋ ಇಲ್ಲಂತೋ?" ಎಂದು ನನ್ನನ್ನು ಕೇಳಿದಳು. ಪರದೆಯ ಆಚೆ ಮೇಜಿನ ಮುಂದೆ ಟ್ರಸ್ಟಿನ ಡಾಕ್ಟರು ಕೂತಿರುತ್ತಿದ್ದರು. ಯಂತ್ರದಿಂದ ಬಂದ ಚೀಟಿ ಅವರ ಕೈಗೆ ಹೋಗುತ್ತಿತ್ತು. ಅವರು ಅದನ್ನು ಕನ್ನಡದಲ್ಲಿ ಗಟ್ಟಿಯಾಗಿ ಹೇಳಿ, ಕೆಳಗೆ ಮೊಹರು ಒತ್ತಿ, ಸಹಿ ಮಾಡಿ ಕೊಡುತ್ತಿದ್ದರು. ಪ್ರತಿ ಚೀಟಿಯ ಕೊನೆಯಲ್ಲೂ ಸಣ್ಣ ಅಕ್ಷರದಲ್ಲಿ ಒಂದು ಸಾಲಿತ್ತು: ಇದು ಯಂತ್ರ ಓದಿದ್ದು, ರೋಗಿಯನ್ನು ನೋಡಿ ವೈದ್ಯರು ಖಚಿತಪಡಿಸಿಕೊಳ್ಳಬೇಕು ಎಂದು. ಮೊಹರು ಸರಿಯಾಗಿ ಆ ಸಾಲಿನ ಮೇಲೆಯೇ ಬೀಳುತ್ತಿತ್ತು. ಅಲ್ಲಿ ಖಾಲಿ ಜಾಗವಿತ್ತು, ಅದಕ್ಕೇ ಅಲ್ಲಿ ಒತ್ತುತ್ತಿದ್ದರು ಎಂದು ಈಗಲೂ ನಂಬುತ್ತೇನೆ. ಯಾರಿಗೂ ಕೇಡು ಬಗೆಯುವ ಮನುಷ್ಯರಲ್ಲ ಅವರು.

ಹೊನ್ನಾಳಿಯ ಶಿಬಿರವೂ ಸುಸೂತ್ರವಾಗಿ ಮುಗಿಯಿತು. ಚನ್ನಗಿರಿಯಲ್ಲಿ, ಸಂಜೆ ಸಾಮಾನು ಎತ್ತಿಡುವಾಗ, ಕಬ್ಬಿಣದ ಮಂಚದ ಕಾಲಿನಡಿ ಸಿಕ್ಕಿ ಎರಡು ತಂತಿ ಕಿತ್ತುಬಂದವು. ಯಂತ್ರದವನು ವ್ಯಾನಿನೊಳಗೆ ಕೂತು ಅವಕ್ಕೆ ಬೆಸುಗೆ ಹಾಕಿ ಬಣ್ಣದ ಟೇಪು ಸುತ್ತಿದ. ಇದೇನೂ ದೊಡ್ಡ ಸಂಗತಿ ಎಂದು ನಮ್ಮಿಬ್ಬರಿಗೂ ಅನಿಸಲಿಲ್ಲ.

ಒಂದು ದಿನ ಬಿಟ್ಟು ಜಗಳೂರಿನ ಶಿಬಿರ. ಒಂದು ಛತ್ರದ ಹಜಾರದಲ್ಲಿ. ಬೆಳಿಗ್ಗೆ ಹೆಂಗಸರು, ಮಧ್ಯಾಹ್ನದ ಮೇಲೆ ಗಂಡಸರು.

ಮೊದಲು ಬಂದವಳು ಹಾಲು ಮಾರುವ ಹೆಂಗಸು. ತಂತಿ ಕಟ್ಟಿದೆ, ಯಂತ್ರದವನು ಗುಂಡಿ ಒತ್ತಿದ, ಚೀಟಿ ಬಂತು, ಆಚೆ ಹೋಯಿತು. ಪರದೆಯ ಹಿಂದಿನಿಂದ ಡಾಕ್ಟರ ದನಿ ಕೇಳಿಸಿತು. "ನಿಮಗೆ ಹಿಂದೆ ಯಾವಾಗಲೋ ಒಂದು ಹಾರ್ಟ್ ಅಟ್ಯಾಕ್ ಆಗಿ ಹೋಗಿದೆ. ಗೊತ್ತಾಗಿಲ್ಲ ನಿಮಗೆ. ಇನ್ಮೇಲೆ ಭಾರ ಎತ್ತಬಾರದು."

ಪಾಪ ಎನಿಸಿತು. ಎರಡನೆಯವಳಿಗೂ ಅದೇ ಮಾತು. ಮೂರನೆಯವಳಿಗೂ. ನನ್ನ ಕೈ ತನ್ನ ಪಾಡಿಗೆ ಕೆಂಪು, ಹಳದಿ, ಕಪ್ಪು, ಹಸಿರು ಎಂದು ಕಟ್ಟುತ್ತಲೇ ಇತ್ತು. ಈ ಕಡೆಯವರು ಬಿಸಿಲಲ್ಲಿ ದುಡಿಯುವ ಜನ, ಹಾಗಾಗಿರಬಹುದು ಎಂದು ನನಗೆ ನಾನೇ ಕಾರಣ ಹೇಳಿಕೊಂಡೆ. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಏಳನೆಯವಳೋ ಎಂಟನೆಯವಳೋ ಒಬ್ಬ ಶಾಲೆ ಟೀಚರು. ಇಪ್ಪತ್ಮೂರರ ಹುಡುಗಿ. ಕಾಯಿಲೆ ಏನೂ ಇರಲಿಲ್ಲ. ನಿಶ್ಚಯವಾಗಿದ್ದ ಗಂಡಿನ ತಾಯಿಗೆ ತೋರಿಸಬೇಕಿತ್ತು, ಅವರ ಜೊತೆಗೆಂದು ಬಂದವಳು ತಾನೂ ಒಂದು ನೋಡಿಸಿಕೊಂಡಳು. ಚೀಟಿ ಓದಿದ ಡಾಕ್ಟರು ಎಲ್ಲರಿಗೂ ಹೇಳಿದಂತೆಯೇ ಗಟ್ಟಿಯಾಗಿ ಹೇಳಿದರು. ನಾನು ಪರದೆ ಸರಿಸಿ ನೋಡಿದೆ. ಗಂಡಿನ ತಾಯಿ ಸಾಲಿನಲ್ಲಿ ಮೂರನೆಯವಳಾಗಿ ನಿಂತಿದ್ದಳು. ಸಾಲು ಬಿಟ್ಟು, ಸೆರಗು ಹೊದ್ದುಕೊಂಡು, ಹುಡುಗಿಯನ್ನು ಕರೆಯದೆ ಹೊರಟುಹೋದಳು. ಹುಡುಗಿ ಚೀಟಿ ಹಿಡಿದುಕೊಂಡು ಬಾಗಿಲನ್ನೇ ನೋಡುತ್ತ ನಿಂತಿದ್ದಳು.

ಮಧ್ಯಾಹ್ನದ ಹೊತ್ತಿಗೆ ಹದಿಮೂರು ಹೆಂಗಸರಾಗಿದ್ದರು. ಊಟಕ್ಕೆ ಬಿಟ್ಟಾಗ ಚೀಟಿಗಳ ನಕಲು ಇದ್ದ ಫೈಲನ್ನು ತಿರುವಿದೆ. ಹದಿಮೂರರಲ್ಲೂ ಒಂದೇ ಸಾಲು. ಯಂತ್ರದವನಿಗೆ, "ನಂದೂ ಒಂದು ತೆಗೀರಿ," ಎಂದೆ. ಅವನು ನಕ್ಕು ಗುಂಡಿಯ ಹತ್ತಿರ ಕೂತ. ಪರದೆಯ ಹಿಂದೆ ನಾನೇ ತಂತಿ ಕಟ್ಟಿಕೊಂಡು ಮಲಗಿದೆ.

ಚೀಟಿ ಬಂತು. ನನಗೂ ಹಿಂದೆ ಯಾವಾಗಲೋ ಹಾರ್ಟ್ ಅಟ್ಯಾಕ್ ಆಗಿತ್ತು.

ಆಮೇಲಿನ ಎರಡು ನಿಮಿಷವನ್ನು ನಾನು ಮರೆಯಲಾರೆ. ಯಂತ್ರ ತಪ್ಪಿರಬಹುದೆಂಬ ಅನುಮಾನದಿಂದಲೇ ಮಲಗಿದವಳು ನಾನು. ಆದರೂ ಆ ಅಕ್ಷರ ಕಂಡ ಕೂಡಲೇ ನಂಬಿಬಿಟ್ಟೆ. ಹಿಂದಿನ ತಿಂಗಳು ನೀರಿನ ಬಿಂದಿಗೆ ಹೊತ್ತು ಮೆಟ್ಟಿಲು ಹತ್ತುವಾಗ ಏದುಸಿರು ಬಂದದ್ದು ನೆನಪಾಯಿತು. ಎಡಗೈ ಜೋಮು ಹಿಡಿಯಿತು. ನಿಜವಾಗಿಯೂ ಹಿಡಿಯಿತು. ಅವ್ವನಿಗೆ ಯಾರು ಹೇಳುತ್ತಾರೆ ಎಂದುಕೊಂಡೆ. ನರ್ಸಿಗೇ ಹೀಗಾದರೆ ಹಾಲು ಮಾರುವವಳಿಗೆ ಏನಾಗಿರಬೇಕು ಎಂಬ ಯೋಚನೆ ಬಂದದ್ದು ಆಮೇಲೆ.

ಎದ್ದು ಕೂತು, ಬಲಗೈಗೆ ಕಟ್ಟಿದ್ದ ಕೆಂಪು ತಂತಿಯ ಮೇಲೆ ಬೆರಳಿಟ್ಟು ಯಂತ್ರದವರೆಗೂ ಹಿಡಿದುಕೊಂಡು ಹೋದೆ. ಆ ತುದಿಯಲ್ಲಿ ಎಡಗೈ ಎಂಬುದರ ಇಂಗ್ಲಿಷ್ ಅಕ್ಷರಗಳಿದ್ದವು. ಬೆಸುಗೆ ಹಾಕಿದಾಗ ಕೆಂಪು ಟೇಪು ಹಳದಿ ತಂತಿಗೆ, ಹಳದಿ ಟೇಪು ಕೆಂಪು ತಂತಿಗೆ ಬಿದ್ದಿತ್ತು. ಎರಡನ್ನೂ ಅದಲುಬದಲು ಮಾಡಿ ಮತ್ತೆ ಮಲಗಿದೆ. ಈ ಸಲದ ಚೀಟಿಯಲ್ಲಿ ನನ್ನ ಹೃದಯ ಸರಿಯಾಗಿತ್ತು.

ಯಂತ್ರದವನು ಟೇಪಿನ ತುದಿ ಬಿಚ್ಚಿ ನೋಡಿದ. "ವ್ಯಾನೊಳಗೆ ಬೆಳಕು ಕಮ್ಮಿ ಇತ್ತು ಸಿಸ್ಟರ್," ಎಂದನಷ್ಟೇ.

ಡಾಕ್ಟರು ಛತ್ರದ ಹಿಂದಿನ ಕೋಣೆಯಲ್ಲಿ ಮೊಸರನ್ನ ಉಣ್ಣುತ್ತಿದ್ದರು. ಎರಡೂ ಚೀಟಿ ಅವರ ಮುಂದೆ ಇಟ್ಟು ನಡೆದದ್ದನ್ನು ಹೇಳಿದೆ. ಅವರು ಕೈ ತೊಳೆದುಕೊಂಡು ಬಂದು ಚೀಟಿಗಳನ್ನು ನೋಡಿದರು.

"ಸರಿ, ಗಂಡಸರಿಗೆ ಸರಿಯಾಗಿ ಕಟ್ಟಿಸಿ."

"ಬೆಳಿಗ್ಗೆ ಬಂದೋರು, ಸರ್?"

"ಅವರು ಹೋಗಾಯ್ತಲ್ಲಮ್ಮ. ಈಗ ಕರೆದು ಹೇಳಿದರೆ ಜನಕ್ಕೆ ಇಂಥ ಶಿಬಿರಗಳ ಮೇಲಿನ ನಂಬಿಕೆಯೇ ಹೋಗುತ್ತೆ."

"ಚೀಟಿ ಮೇಲೆ ನಿಮ್ಮ ಸೈನ್ ಇದೆಯಲ್ಲ ಸರ್."

"ಸೈನ್ ನಂದು. ರಿಪೋರ್ಟ್ ಮಷೀನಿನದು," ಎಂದರು. ದನಿ ಏರಿಸಲಿಲ್ಲ. ಆಮೇಲೆ, "ತಂತಿ ಕಟ್ಟಿದ್ದು ಯಾರು?" ಎಂದು ಕೇಳಿದರು.

ಕಟ್ಟಿದವಳು ನಾನು. ಟೇಪು ಸುತ್ತಿದವನು ಅವನು. ಓದಿದ್ದು ಯಂತ್ರ. ಗಟ್ಟಿಯಾಗಿ ಹೇಳಿದವರು ಡಾಕ್ಟರು. ಒಬ್ಬೊಬ್ಬರೂ ತಮ್ಮ ಪಾಲಿನದನ್ನು ಮಾಡಿದ್ದೆವು, ಹದಿಮೂರು ಜನ ಹೃದ್ರೋಗಿಗಳಾಗಿ ಮನೆಗೆ ಹೋಗಿದ್ದರು.

ಈಗ ಪತ್ರಿಕೆಗಳಲ್ಲಿ ಕೃತಕ ಬುದ್ಧಿಮತ್ತೆಯ ಸುದ್ದಿ ಓದುತ್ತೇನೆ. ಎಕ್ಸ್‌ರೇ ಓದುತ್ತದಂತೆ, ಕಣ್ಣಿನ ಚಿತ್ರ ನೋಡಿ ಸಕ್ಕರೆ ಕಾಯಿಲೆಯ ತೊಂದರೆ ಹೇಳುತ್ತದಂತೆ, ಡಾಕ್ಟರಿಗಿಂತ ಚುರುಕಂತೆ. ಇರಬಹುದು. ನನಗೆ ಯಂತ್ರದ ಮೇಲೆ ಸಿಟ್ಟಿಲ್ಲ. ಕೊಟ್ಟ ತಂತಿಯಿಂದ ಬಂದದ್ದನ್ನು ಅದು ನಿಯತ್ತಾಗಿಯೇ ಓದಿತ್ತು. ಆದರೆ ಅದು ತಪ್ಪಿದಾಗ ಆ ತಪ್ಪನ್ನು ಹೊತ್ತು ರೋಗಿಯ ಮನೆಯ ಬಾಗಿಲು ತಟ್ಟುವವರು ಯಾರು ಎಂದು ಆ ಸುದ್ದಿಗಳಲ್ಲಿ ಹುಡುಕುತ್ತೇನೆ. ಅದು ಬರೆದಿರುವುದಿಲ್ಲ.

ಮಧ್ಯಾಹ್ನದ ಗಂಡಸರ ಸಾಲು ಮುಗಿಯುವುದರೊಳಗೆ ದಾಖಲೆ ಪುಸ್ತಕದಿಂದ ಆ ಹದಿಮೂರು ಜನರ ಹೆಸರು, ಊರು ಬರೆದುಕೊಂಡೆ. ಮರುದಿನ ಹೊನ್ನಾಳಿಗೆ ಬಂದು ನಮ್ಮ ಡಾಕ್ಟರಿಗೆ ಎಲ್ಲ ಹೇಳಿದೆ. ಆ ಇನ್ನೊಬ್ಬ ಡಾಕ್ಟರನ್ನು ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಬೈದದ್ದು ನನ್ನನ್ನು.

"ಹದಿಮೂರು ಜನಕ್ಕೆ ಕಟ್ಟೋ ತನಕ ಏನ್ ಮಾಡ್ತಿದ್ದೆ ನೀನು? ಒಬ್ಬಳ ಮುಖಾನಾದ್ರೂ ನೋಡಿದ್ಯಾ? ನಾಡಿ ಹಿಡಿದ್ಯಾ?"

"ಇಲ್ಲ ಸರ್."

"ಬಣ್ಣ ನೋಡ್ಕೊಂಡು ಕಟ್ಟಾಕೆ ನರ್ಸೇ ಯಾಕ್ ಬೇಕು?"

ನಾಲ್ಕು ವರ್ಷದಲ್ಲಿ ಅವರು ನನ್ನನ್ನು ಹಾಗೆ ಅಂದದ್ದು ಅದೇ ಮೊದಲು. ಆಮೇಲೆ ತಾವೇ ಕೂತು ಹದಿಮೂರು ಕಾಗದ ಬರೆದರು. ಯಂತ್ರದ ತಂತಿ ಅದಲುಬದಲಾಗಿ ತಪ್ಪು ವರದಿ ಬಂದಿದೆ, ಇವರ ಎದೆಯನ್ನು ಒಮ್ಮೆ ಕೈಯಾರೆ ಪರೀಕ್ಷಿಸಿ ಎಂದು, ಜಗಳೂರಿನಲ್ಲಿ ತಮಗೆ ಪರಿಚಯವಿದ್ದ ಒಬ್ಬ ಡಾಕ್ಟರಿಗೆ. "ಏನೂ ಇಲ್ಲ ಅಂತ ನೀನು ಹೇಳಬ್ಯಾಡ. ಅವರಿಗೆ ತೋರಿಸ್ಕೊಳ್ರಿ ಅಂತ ಹೇಳು. ತಿಳೀತಾ?" ಎಂದು ಎರಡು ಸಲ ಹೇಳಿದರು. ನಾಲ್ಕು ದಿನ ಕಳೆದು ಮೂರು ದಿನ ರಜೆ ಕೊಟ್ಟರು.

ಜಗಳೂರಿನಲ್ಲಿ ನಮ್ಮ ದೊಡ್ಡಮ್ಮನ ಮನೆಯಿತ್ತು. ಅಲ್ಲಿ ಉಳಿದು ಊರೊಳಗಿನವರ ಮನೆಗಳನ್ನು ಮೊದಲು ಹುಡುಕಿದೆ. ಹಾಲು ಮಾರುವವಳು ಐದು ದಿನದಿಂದ ಚಾಪೆ ಬಿಟ್ಟು ಎದ್ದಿರಲಿಲ್ಲ. ಎಮ್ಮೆ ಕರೆಯುವುದನ್ನು ಮಗಳಿಗೆ ವಹಿಸಿ, ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ವರದಿ ತಪ್ಪು ಎಂದಾಗ ಎದ್ದು ಕೂತಳು. ಆಮೇಲೆ ಅತ್ತಳು. ಸಂತೋಷಕ್ಕೋ ಸಿಟ್ಟಿಗೋ ಗೊತ್ತಾಗಲಿಲ್ಲ.

ಸೊಕ್ಕೆ ಎಂಬ ಹಳ್ಳಿಯಲ್ಲಿ ಒಬ್ಬಳು ಚೀಟಿಯನ್ನು ದೇವರ ಗೂಡಿನಲ್ಲಿ ಇಟ್ಟಿದ್ದಳು. ನಾನು ಹೇಳಿದ್ದನ್ನೆಲ್ಲ ಕೇಳಿ, "ನರ್ಸಮ್ಮ, ನೀನು ಬಾಯಾಗೆ ಹೇಳ್ತೀಯ. ಅದು ಅಚ್ಚು ಹಾಕಿ ಕೊಟ್ಟೈತೆ. ನಾನು ಯಾವುದು ನಂಬ್ಲಿ?" ಎಂದಳು. ಅವಳ ಗಂಡ, "ಮಷೀನಿಗೆ ಸುಳ್ಳು ಹೇಳಾಕೆ ಏನ್ ದರ್ದು ಐತ್ರಿ?" ಎಂದ. ಕೊನೆಗೆ ಜಗಳೂರಿಗೆ ಬಂದು ತೋರಿಸಿಕೊಳ್ಳಲು ಒಪ್ಪಿದರು. ಚೀಟಿಯನ್ನು ಮಾತ್ರ ಗೂಡಿನಿಂದ ತೆಗೆಯಲಿಲ್ಲ.

ಟೀಚರ ಮನೆಯಲ್ಲಿ ಅವಳ ಅಪ್ಪ ನನ್ನನ್ನು ಒಳಗೆ ಕರೆಯದೆ ಕಟ್ಟೆಯ ಮೇಲೇ ಕೂರಿಸಿದರು. ಗಂಡಿನ ಕಡೆಯವರು ಶಿಬಿರದ ಮರುದಿನವೇ ತಾಂಬೂಲದ ತಟ್ಟೆ ಹಿಂದಕ್ಕೆ ಕಳಿಸಿದ್ದರು. ನಾನು ಬಂದುಹೋದ ಮೇಲೆ ಅಪ್ಪ ಮಗಳನ್ನು ಜಗಳೂರಿನ ಡಾಕ್ಟರಿಗೆ ತೋರಿಸಿ, ಎದೆಯಲ್ಲಿ ದೋಷವಿಲ್ಲ ಎಂದು ಬರೆಸಿಕೊಂಡು, ಆ ಕಾಗದ ಹಿಡಿದು ಅವರ ಮನೆಗೆ ಹೋದರಂತೆ. "ಡಾಕ್ಟ್ರು ನಿಮ್ಮ ಪರಿಚಯದೋರು, ಕಂಪ್ಯೂಟ್ರು ಯಾರ ಪರಿಚಯದ್ದೂ ಅಲ್ಲವಲ್ಲ," ಎಂದು ಅವರು ವಾಪಸು ಕಳಿಸಿದರು. ವರ್ಷ ಕಳೆದ ಮೇಲೆ ಅದೇ ಜನ ಮತ್ತೆ ಕೇಳಿಕೊಂಡು ಬಂದರು. ಹುಡುಗಿಯೇ ಬೇಡ ಎಂದಳು. "ನಂಗೆ ಕಾಯಿಲೆ ಬಂದ್ರೆ ಏನ್ ಮಾಡ್ತಾರೆ ಅಂತ ಮದುವೆಗೆ ಮುಂಚೇನೇ ಗೊತ್ತಾಯ್ತಲ್ಲಕ್ಕ," ಎಂದು ದಾವಣಗೆರೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಾಗ ನನಗೆ ಹೇಳಿದಳು. ನಗುತ್ತಲೇ ಹೇಳಿದಳು. ನನಗೆ ನಗು ಬರಲಿಲ್ಲ.

ಮೂರನೆಯ ದಿನದ ಹೊತ್ತಿಗೆ ಹನ್ನೆರಡು ಜನರಾಗಿದ್ದರು. ಉಳಿದವಳು ಬಿಳಿಚೋಡಿನವಳು. ದಾವಣಗೆರೆಗೆ ಹೋಗುವ ದಾರಿಯಲ್ಲೇ ಊರು. ಅಲ್ಲಿ ಇಳಿದು, ಅವಳಿಗೆ ಹೇಳಿ, ಮುಂದಿನ ಬಸ್ಸು ಹತ್ತುವುದು ಎಂದುಕೊಂಡೆ. ಮನಸ್ಸು ಆಗಲೇ ಹಗುರಾಗಿತ್ತು. ಸಿಕ್ಕ ಸಿಕ್ಕವರು ನೀರು ಕೊಟ್ಟಿದ್ದರು, ಕುಂಕುಮ ಇಟ್ಟಿದ್ದರು. ನಾನು ದೊಡ್ಡದೇನೋ ಮಾಡುತ್ತಿದ್ದೇನೆ ಎಂದು ಒಳಗೊಳಗೇ ಅನಿಸತೊಡಗಿತ್ತು.

ಅವಳಿಗೆ ಇಪ್ಪತ್ತು, ಇಪ್ಪತ್ತೊಂದು ಇರಬೇಕು. ಸೊಂಟದ ಮೇಲೆ ವರ್ಷದ ಹೆಣ್ಣು ಕೂಸು. ಅತ್ತೆ ಅಂಗಳದಲ್ಲಿ ಕುರಿಗಳಿಗೆ ಸೊಪ್ಪು ಹಾಕುತ್ತಿದ್ದಳು. ಅವತ್ತಿನ ಹದಿಮೂರು ಮಂದಿಗೂ ಇದೇ ತಪ್ಪು ಚೀಟಿ ಬಂದಿತ್ತೆಂದು ಹೇಳಿ ಕಾಗದ ಕೈಗಿಟ್ಟೆ.

"ಜಗಳೂರಿಗೆ ಹೋಗಾಕೆ ಒಂದು ದಿನ ಬೇಕ್ರಿ," ಎಂದಳು ಅವಳು. "ಶೇಂಗಾ ಕೀಳೋ ಕೆಲಸ ಐತೆ. ಈ ಕೂಸು ಬ್ಯಾರೆ." ಕೂಸನ್ನು ಇನ್ನೊಂದು ಸೊಂಟಕ್ಕೆ ಹೊರಳಿಸಿ, "ನೀರು ತರುವಾಗ ಒಂದೊಂದ್ಸಲ ಉಸಿರು ಹತ್ತಂಗಿಲ್ಲ ಅಕ್ಕಾರೆ. ಎದೆ ಡವಡವ ಅಂತೈತೆ," ಎಂದಳು.

"ಎಷ್ಟು ದಿನದಿಂದ?"

"ಕೂಸು ಹುಟ್ಟಿದಾಗಿಂದ."

ರಸ್ತೆಯಲ್ಲಿ ಬಸ್ಸಿನ ಹಾರನ್ ಕೇಳಿಸಿತು. ನಾನು ಏನೆಂದೆ ಎಂಬುದು ಒಂದಕ್ಷರ ಬಿಡದೆ ನೆನಪಿದೆ. "ಚೀಟಿ ಓದಿ ಹೆದರಿದ್ದಕ್ಕೆ ಹಂಗನ್ಸತೈತೆ. ನಂಗೂ ಹಂಗೇ ಆಗಿತ್ತು. ನಿಂಗೇನೂ ಆಗಿಲ್ಲ. ಹೋಗಾಕೆ ಆಗ್ದಿದ್ರೆ ಬಿಡು."

ಕೂಸು ಹುಟ್ಟಿದಾಗಿನಿಂದ ಎಂದು ಅವಳು ಹೇಳಿದ್ದಳು. ಚೀಟಿ ಬಂದು ಒಂದು ವಾರವಾಗಿತ್ತು ಅಷ್ಟೇ. ಅದು ನನ್ನ ಕಿವಿಗೆ ಬಿದ್ದೂ ತಲೆಗೆ ಹತ್ತಲಿಲ್ಲ. ಓಡಿ ಬಸ್ಸು ಹತ್ತಿದೆ. ಕಿಟಕಿಯಿಂದ ಕೈ ಬೀಸಿದೆ.

ಹೊನ್ನಾಳಿಗೆ ಬಂದು ಹದಿಮೂರೂ ಆಯಿತು ಎಂದು ಡಾಕ್ಟರಿಗೆ ಹೇಳಿದೆ. ಅವರು ತಲೆಯಾಡಿಸಿದರು.

ಎಂಟೊಂಬತ್ತು ತಿಂಗಳಾದ ಮೇಲೆ ಜಗಳೂರಿನ ಆ ಡಾಕ್ಟರಿಂದ ನಮ್ಮ ಡಾಕ್ಟರಿಗೆ ಒಂದು ಪತ್ರ ಬಂತು. ಬಿಳಿಚೋಡಿನ ಒಬ್ಬ ಬಸುರಿ, ಏಳು ತಿಂಗಳು, ಉಸಿರು ಕಟ್ಟಿ ದಾವಣಗೆರೆಗೆ ಸಾಗಿಸಿದರೂ ಉಳಿಯಲಿಲ್ಲ. ಹೃದಯದ ಕವಾಟ ಕೆಟ್ಟಿತ್ತಂತೆ, ಚಿಕ್ಕವಳಿದ್ದಾಗ ಕೀಲುನೋವಿನ ಜ್ವರ ಬಂದು ಆದದ್ದು. ಮನೆಯಲ್ಲಿ ನಿಮ್ಮ ಕೈಬರಹದ ಕಾಗದ ಸಿಕ್ಕಿತು, ಉಳಿದ ಹನ್ನೆರಡು ಜನ ನನಗೆ ತೋರಿಸಿಕೊಂಡರು, ಯಾರಿಗೂ ದೋಷವಿಲ್ಲ, ಈಕೆ ಮಾತ್ರ ಬರಲೇ ಇಲ್ಲ ಎಂದು ಬರೆದಿದ್ದರು.

ಡಾಕ್ಟರು ಪತ್ರವನ್ನು ನನ್ನ ಕೈಗೆ ಕೊಟ್ಟರು. ನಾನು ಓದಿದೆ. ಔಷಧಿ ಪೆಟ್ಟಿಗೆಯ ಮೇಲೆ ಕೂತೆ. ಬೈಯಲಿ ಎಂದು ಕಾದೆ. ಅವರು ಬೈಯಲಿಲ್ಲ.

"ಯಂತ್ರ ಹೇಳಿದ್ದು ಬೇರೆ ಕಾಯಿಲೆ, ಇವಳಿಗಿದ್ದದ್ದು ಬೇರೆ," ಎಂದರು. "ಯಂತ್ರಾನೂ ಅವಳ ಎದೆ ಕೇಳ್ಲಿಲ್ಲ, ಆ ಶಿಬಿರದ ಡಾಕ್ಟ್ರೂ ಕೇಳ್ಲಿಲ್ಲ."

"ನಾನೂ ಕೇಳ್ಲಿಲ್ಲ ಸರ್. ಬೇಡ ಬಿಡು ಅಂದೆ."

ಅವರು ಕನ್ನಡಕ ಒರೆಸಿ ಹಾಕಿಕೊಂಡರು. ಮರುದಿನದಿಂದ ಬೆಳಗಿನ ರೋಗಿಗಳ ಎದೆಯನ್ನು ಮೊದಲು ನಾನು ಕೇಳಿ, ಕೇಳಿದ್ದನ್ನು ಹೇಳಬೇಕು, ಆಮೇಲೆ ತಾವು ಕೇಳುವುದು ಎಂದರು. ಮೂರು ವಾರದ ಮೇಲೆ ನ್ಯಾಮತಿ ಕಡೆಯ ಒಬ್ಬ ಹೆಂಗಸಿನ ಎದೆಯಲ್ಲಿ ಅಂಥ ಕವಾಟದ ಸದ್ದು ಮೊದಲ ಬಾರಿ ಕೇಳಿದೆ. ದೂರದಲ್ಲಿ ಗುಡುಗು ಉರುಳಿದಂತಿತ್ತು. ಹುಡುಕಬೇಕಾಗಿಯೇ ಇರಲಿಲ್ಲ, ಕಿವಿ ಇಟ್ಟರೆ ಸಾಕಿತ್ತು. ಆವತ್ತು ನನಗೆ ಕೆಲಸ ಮಾಡಲಾಗಲಿಲ್ಲ.

ಬಿಳಿಚೋಡಿಗೆ ಒಂದು ಸಲ ಹೋಗಿ ಬಂದೆ. ಅತ್ತೆ ನನ್ನ ಗುರುತು ಹಿಡಿದಳು. ಕಂಬಳಿ ಹಾಸಿ ಕೂರಿಸಿ ಮಜ್ಜಿಗೆ ಕೊಟ್ಟಳು. ಮೊಮ್ಮಗಳು ಈಗ ನಡೆಯುತ್ತಿದ್ದಳು. ಅಜ್ಜಿಯ ಸೀರೆ ಹಿಡಿದುಕೊಂಡು ನನ್ನನ್ನು ನೋಡುತ್ತಿದ್ದಳು.

"ಆ ಮಷೀನು ಖರೇನೇ ಹೇಳಿತ್ತು ನೋಡವ್ವ," ಎಂದಳು ಮುದುಕಿ. "ಎದಿ ಸರಿ ಇಲ್ಲ ಅಂತ ಮೊದ್ಲೇ ಹೇಳಿತ್ತು. ನೀನೇ ಬಂದು ಅಲ್ಲ ಅಂದೆ."

ಯಂತ್ರ ಹೇಳಿದ್ದು ಅದಲ್ಲ, ಟೇಪು ಅದಲುಬದಲಾಗಿತ್ತು, ಅದು ನನಗೂ ಹಾಗೇ ಹೇಳಿತ್ತು, ಅವಳ ಕಾಯಿಲೆಯೇ ಬೇರೆ ಎಂದು ವಿವರಿಸುವ ಮಾತುಗಳೆಲ್ಲ ಬಾಯಿಯವರೆಗೂ ಬಂದವು. ಎಲ್ಲವೂ ನಿಜ. ಅವಳಿಗೆ ಅದರಿಂದ ಏನೂ ಆಗಬೇಕಾಗಿರಲಿಲ್ಲ.

"ಹೌದು, ನಾನೇ ಅಂದೆ," ಎಂದೆ. "ತಪ್ಪು ಹೇಳಿದೆ."

ಮುದುಕಿ ಸಿಟ್ಟಾಗಲಿಲ್ಲ. ಖಾಲಿ ಲೋಟ ತೆಗೆದುಕೊಂಡಳು.

"ಅವತ್ತು ಇನ್ನೂ ಹನ್ನೆರಡು ಮಂದಿ ಇದ್ರು ಅಂದಿದ್ಯಲ್ಲ. ಅವರು ಹೆಂಗದಾರೆ?"

"ಚೆನ್ನಾಗದಾರೆ, ಎಲ್ಲಾರೂ."

"ಅಷ್ಟಾದ್ರೂ ಆತಲ್ಲ," ಎಂದು ಕೂಸನ್ನು ಎತ್ತಿಕೊಂಡು ಒಳಗೆ ಹೋದಳು.